ನೀವು ಕಮಾನು ತಿರುಗಿಸಿದಾಗ

ಕೃಷಿ ಕಾಲೇಜಿನ ಹಾಸ್ಟೆಲ್, ಹೆಬ್ಬಾಳ
ಮಾರ್ಚ್ ೧೯೬೬

ಜೈಬುನ್ನೀಸಾ ಮೇಡಂ ಅವರಿಗೆ, ಚಿಕ್ಕಬೈರಪ್ಪನ ನಮಸ್ಕಾರಗಳು.

ನಿನ್ನೆ ಯಶವಂತಪುರದ ಶಾಲೆಯ ಹಾಲಿನಲ್ಲಿ ಸಂಗೀತ ಕಚೇರಿ ಮುಗಿದು ಕುರ್ಚಿ ಎತ್ತಿಡುತ್ತಿದ್ದಾಗ ನೀವು ನನ್ನನ್ನು ಕೇಳಿದಿರಿ. "ಮುಂದಿನ ಕೃತಿ ಬರೀತಿದ್ದೀನಿ. ಅದರಲ್ಲೂ ನಾಲ್ಕನೇ ಪಿಟೀಲು ನಿನಗೇ ಇಡ್ಲಾ?" ನಾನು ಕೊನೆ ಬಸ್ಸು ಎಂದು ತೊದಲಿ ಓಡಿಬಿಟ್ಟೆ. ಆಗಿನ್ನೂ ಬಿಸಿಲಿತ್ತು. ಉತ್ತರ ಈ ಕಾಗದದಲ್ಲಿದೆ. ನನ್ನ ಕನ್ನಡವನ್ನು ಮನ್ನಿಸಿ. ನನಗೆ ಪಿಟೀಲು ಕಲಿಸಿದ ಹಾಸ್ಟೆಲ್ ಶಾಲೆಯಲ್ಲಿ ಮನೆಗೆ ಬರೆಯುವ ಕಾಗದವನ್ನೂ ಇಂಗ್ಲಿಷಿನಲ್ಲೇ ಬರೆಸುತ್ತಿದ್ದರು. ಪುಟ್ಟೇನಹಳ್ಳಿಯಲ್ಲಿ ನಮ್ಮಮ್ಮ ಅದನ್ನು ಮೇಷ್ಟರ ಹತ್ತಿರ ಓದಿಸಿ, "ನನ್ ಮಗ ಚೆನ್ನಾಗವ್ನಂತೆ" ಎಂದು ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಚೆನ್ನಾಗಿಲ್ಲ ಎಂದು ಬರೆದಿದ್ದರೂ ಮೇಷ್ಟರು ಹಾಗೆಯೇ ಓದುತ್ತಿದ್ದರೇನೋ.

ನಮ್ಮ ಕಾಲೇಜಿನ ಸಮಾರಂಭಕ್ಕೆ ನುಡಿಸಲು ಬಂದಾಗ ನೀವು, ಇಲ್ಲಿ ಯಾರಾದರೂ ಪಿಟೀಲು ಕಲಿತವರಿದ್ದಾರಾ ಎಂದು ವಿಚಾರಿಸಿದಿರಿ. ರೂಂಮೇಟ್ ವೆಂಕಟಸ್ವಾಮಿ ನನ್ನ ಬೆನ್ನಿಗೆ ಗುದ್ದಿ ಎಬ್ಬಿಸಿದ. "ಇವನೇ ಮೇಡಂ. ದಿನಾ ನಮ್ಮ ನಿದ್ದೆ ಕೆಡಿಸ್ತಾನೆ, ಕರ್ಕೊಂಡ್ ಹೋಗ್ಬಿಡಿ." ನೀವು ನಕ್ಕು, ಭಾನುವಾರ ಯಲಹಂಕಕ್ಕೆ ಬಾ ಎಂದಿರಿ. ಅಷ್ಟು ಸುಲಭವಾಗಿ ಒಂದು ಬಾಗಿಲು ತೆರೆಯುತ್ತದೆಂದು ನನಗೆ ಗೊತ್ತಿರಲಿಲ್ಲ.

ನಿಮ್ಮ ಮನೆಯ ಜಗುಲಿಯಲ್ಲಿ ಪಿಟೀಲಿನ ಕಮಾನಿಗೆ ರಾಳ ಉಜ್ಜುತ್ತಾ ನೀವು ಹೇಳಿದ್ದೆಲ್ಲ ನನಗೆ ಬೇರೆ ಲೋಕದ ಸುದ್ದಿ. ನಿಮ್ಮ ಅಬ್ಬಾ ಖಾದರ್ ಬಾಷಾ ನಾಟಕ ಕಂಪನಿಯ ಪಿಟೀಲಿನವರು. ನಟ ಮಾತು ಮರೆತರೆ, ಅವನಿಗೆ ನೆನಪಾಗುವ ತನಕ ಅಬ್ಬಾ ಕಮಾನು ನಿಲ್ಲಿಸುತ್ತಿರಲಿಲ್ಲ. ಪರದೆಯ ಹಿಂದೆ ಕೂತು ನೀವು ಮೊದಲು ಕಲಿತದ್ದು ರಾಗವನ್ನಲ್ಲ, ಆ ನಿಲ್ಲದ ಎಳೆತವನ್ನು. ಆಮೇಲೆ ದಂಡಿನ ಬ್ಯಾಂಡ್ ಮಾಸ್ಟರ್ ಹತ್ತಿರ ಇಂಗ್ಲಿಷ್ ಸಂಗೀತ ಬರೆಯುವ ಸ್ಟಾಫ್ ನೊಟೇಶನ್. ಆಮೇಲೆ ಮದರಾಸಿನ ಸಿನಿಮಾ ಆರ್ಕೆಸ್ಟ್ರಾ, ಪಿಟೀಲುಗಳ ಕೊನೆಯ ಸಾಲು. ಅಲ್ಲಿ ಎಲ್ಲರ ಕಮಾನೂ ಒಟ್ಟಿಗೆ ಮೇಲೆ, ಒಟ್ಟಿಗೆ ಕೆಳಗೆ. ಒಂದು ಕಮಾನು ಅಡ್ಡ ಹೋದರೆ ಟೇಕ್ ಕ್ಯಾನ್ಸಲ್. "ನನ್ನ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ ಕಣೋ. 'ಲಾಸ್ಟ್ ರೋ, ಸದ್ದು ಕಮ್ಮಿ ಮಾಡಿ' ಅನ್ನೋರು. ನಾನೇ ಲಾಸ್ಟ್ ರೋ." ಹಾಗೆ ಹೇಳಿ ನಗುವವರೊಬ್ಬರು ಅದೇ ಸಾಲಿನಲ್ಲಿ ಕೂತು ತಮ್ಮದೇ ಸಂಗೀತವನ್ನು ತಲೆಯೊಳಗೆ ಕಟ್ಟುತ್ತಿದ್ದರು ಎಂಬುದು ನನಗೆ ಇವತ್ತಿಗೂ ನಂಬಲಾಗದ ವಿಷಯ.

ನಿನ್ನೆ ನುಡಿಸಿದ ನಿಮ್ಮ ನಾಲ್ಕು ಪಿಟೀಲಿನ ಹೊಸ ಕೃತಿಯಲ್ಲಿ ರಾಗ ನಿಮ್ಮ ಜೊತೆಗಾರ ನೂರುಲ್ಲಾ ಸಾಹೇಬರದು, ಮತ್ತೆ ಕುರ್ಚಿ ಬೇಡವೆಂದು ಚಾಪೆಯ ಮೇಲೇ ಕೂರುವ ಗೋಪಾಲಮ್ಮನವರದು. ಅದರ ಕೆಳಗೆ ನೀವೂ ನಾನೂ ಒಂದೇ ಸ್ವರವನ್ನು ಎಳೆಯುತ್ತಲೇ ಇರಬೇಕು. ಕಮಾನು ತುದಿಗೆ ಬಂದಾಗ ತಿರುಗಿಸಲೇಬೇಕಲ್ಲ, ಆ ಕ್ಷಣ ಸದ್ದು ಸಣ್ಣಗೆ ತುಂಡಾಗುತ್ತದೆ. ಇಬ್ಬರೂ ಬೇರೆ ಬೇರೆ ಹೊತ್ತಿಗೆ ತಿರುಗಿಸಿದರೆ ಕೇಳುವವರಿಗೆ ತುಂಡಾದದ್ದೇ ತಿಳಿಯದು. ಇಷ್ಟೇ. ನನಗೆ ಅದೇ ಆಗಲಿಲ್ಲ. ನಿಮ್ಮ ಮೊಣಕೈ ತಿರುಗಿದರೆ ನನ್ನದೂ ತಿರುಗುತ್ತಿತ್ತು. ಆ ಹಾಸ್ಟೆಲ್ ಶಾಲೆಯಲ್ಲಿ ಬೇರೆಯವರಿಗಿಂತ ಮೊದಲು ಎದ್ದರೂ ತಪ್ಪು, ಆಮೇಲೆ ಎದ್ದರೂ ತಪ್ಪು. ಪಕ್ಕದವನ ಚಮಚ ನೋಡಿ ಚಮಚ ಎತ್ತಿದವನು ನಾನು. ಅದರ ಮೇಲೆ ಪಕ್ಕದಲ್ಲಿ ಕೂತಿರುವುದು ನೀವು.

ರಿಹರ್ಸಲ್ಲಿನಲ್ಲಿ ಪ್ರತಿ ಸಲವೂ ನೂರುಲ್ಲಾ ಸಾಹೇಬರ ರಾಗ ಆ ಬಿರುಕಿನಲ್ಲಿ ಬೀಳುತ್ತಿತ್ತು. "ಬೀಬಿ, ಇವನ ಬದ್ಲು ಹಾರ್ಮೋನಿಯಂ ಇಟ್ಬಿಡಿ. ಅದು ನಿಮ್ಮ ಮುಖ ನೋಡ್ಕೊಂಡು ಕೂತಿರಲ್ಲ" ಎಂದರು. ಗೋಪಾಲಮ್ಮ, "ಪಾಪ, ಹಾರ್ಮೋನಿಯಂಗೆ ಇಷ್ಟು ಬೆವರೂ ಬರಲ್ಲ" ಎಂದರು. ನೀವು ನಗಲಿಲ್ಲ. "ನಾನು ತಿರುಗಿಸಿದ್ರೆ ನಿನಗೇನೋ? ನಿನ್ನ ಕಮಾನಲ್ಲಿ ಇನ್ನೂ ಅರ್ಧ ಗೇಣು ಇದೆ. ಯಾರಿಗೆ ಉಳಿಸ್ತಿದ್ದೀಯಾ ಅದನ್ನ?" ಆಮೇಲೆ ಮೆಲ್ಲಗೆ, "ಬರೋ ಭಾನುವಾರ ಕಚೇರಿಯಲ್ಲಿ ನೋಡೋಣ. ಆಗ್ಲಿಲ್ಲ ಅಂದ್ರೆ ಆಮೇಲೆ ನಾವು ಮೂರೇ ಜನ" ಎಂದಿರಿ. ಆ ವಾರ ಸಾಯಿಲ್ ಸೈನ್ಸ್ ಕ್ಲಾಸಿನಲ್ಲಿ ಏನು ಹೇಳಿದರೋ ನನ್ನ ಕಿವಿಗೆ ಬೀಳಲೇ ಇಲ್ಲ.

ನಿನ್ನೆ ಕಚೇರಿಯ ನಡುವೆ ಪಕ್ಕದ ಹಳಿಯ ಮೇಲೆ ಗೂಡ್ಸ್ ಗಾಡಿ ಬಂತಲ್ಲ. ಆ ಗದ್ದಲದಲ್ಲಿ ರಾಗ ಮುಂದುವರಿಸಿ ಪ್ರಯೋಜನವಿಲ್ಲವೆಂದು ಅವರಿಬ್ಬರೂ ಕಮಾನು ಇಳಿಸಿದರು. ನೀವು ಇಳಿಸಲಿಲ್ಲ. ಹಾಗಾಗಿ ನಾನೂ ಇಳಿಸಲಿಲ್ಲ. ರಿಹರ್ಸಲ್ಲಿನಲ್ಲಿ ಎಂದೂ ಅಷ್ಟು ಹೊತ್ತು ಎಳೆದಿರಲಿಲ್ಲ. ನಾನು ಎದುರು ಗೋಡೆಯ ಮೊಳೆಯೊಂದನ್ನು ನೋಡುತ್ತಾ ಕೂತಿದ್ದೆ, ನಿಮ್ಮ ಕಡೆ ತಿರುಗಲೇ ಇಲ್ಲ. ಕೊನೆಯ ವ್ಯಾಗನ್ ದೂರವಾಗಿ ಗದ್ದಲ ಅಡಗಿದಾಗ ನಿಮ್ಮ ಸ್ವರ ಮೆಲ್ಲಗೆ ತೆಳುವಾಯಿತು. ನೋಡಲಿಲ್ಲ ಮೇಡಂ, ಕೇಳಿಸಿತು. ನಿಮ್ಮ ಕಮಾನು ಮುಗಿದಿತ್ತು. ನೀವು ತಿರುಗಿಸಿದಿರಿ. ನಾನು ತಿರುಗಿಸಲಿಲ್ಲ.

ಒಂದು ರೆಪ್ಪೆ ಮಿಟುಕಿಸುವಷ್ಟು ಹೊತ್ತು ಆ ಹಾಲಿನಲ್ಲಿ ನನ್ನೊಬ್ಬನ ಸದ್ದೇ ಇತ್ತು. ನಾಟಕದ ಪರದೆ, ದಂಡಿನ ಬ್ಯಾಂಡು, ಮದರಾಸಿನ ಕೊನೆಯ ಸಾಲು ಎಲ್ಲ ದಾಟಿ ಬಂದ ನಿಮ್ಮ ಸಂಗೀತ ಅಷ್ಟು ಹೊತ್ತು ನನ್ನ ತೋಳಿನ ಮೇಲೆ ನಿಂತಿತ್ತು. ಮರುಕ್ಷಣ ನಿಮ್ಮ ಸ್ವರ ಬಂದು ಸೇರಿತು, ರಾಗ ಮತ್ತೆ ಶುರುವಾಯಿತು, ಕೂತವರಲ್ಲಿ ಒಬ್ಬರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗದ ಹಾಗೆ ಮಾಡುವುದೇ ಕೆಲಸವೆಂದು ಗೊತ್ತು, ಆದರೂ ಅಷ್ಟು ದೊಡ್ಡದು ಇಷ್ಟು ಸದ್ದಿಲ್ಲದೆ ನಡೆದುಹೋಗುತ್ತದೆಯೆಂದು ತಿಳಿದಿರಲಿಲ್ಲ. ಅದಾದ ಮೇಲೆ ನೀವು ಬಂದು ಪ್ರಶ್ನೆ ಕೇಳಿದರೆ ನಾನು ಓಡದೆ ಏನು ಮಾಡಲಿ?

ಇಡಿ ಮೇಡಂ. ನಾಲ್ಕನೇ ಪಿಟೀಲು ನನಗೇ ಇಡಿ. ಹೆದರಿಕೆ ಹೋಗಿಲ್ಲ, ಅದನ್ನೂ ಜೊತೆಗೇ ಕರೆದುಕೊಂಡು ಬರುತ್ತೇನೆ.

ನಿಮ್ಮ ಕೈಗೆ ದಣಿವು ತಾಗದಿರಲಿ, ನೀವು ಬರೆಯುವುದು ಬತ್ತದಿರಲಿ.

ಭಾನುವಾರ ಯಲಹಂಕದ ಬಸ್ಸು ಹತ್ತುವ,
ನಿಮ್ಮ ಚಿಕ್ಕಬೈರಪ್ಪ