ಅವನು ನಕ್ಕರೆ ನಿಲ್ಲಿಸಿ

ರೆಫ್ರಿ ಸಾಹೇಬರಿಗೆ ನಮಸ್ಕಾರ.

ನಾಳೆ ಕೇಜ್ ಫೈಟಿನ ಪಂಜರದೊಳಗೆ ಹೊಡೆದಾಡುವ ಇಬ್ಬರು ಮುದಿ ಗೂಳಿಗಳಲ್ಲಿ ಕೆಂಪು ಮೂಲೆಯವನು ನನ್ನ ತಮ್ಮ. ಇಪ್ಪತ್ತು ವರ್ಷದಿಂದ ಅವನಿಗೆ ಕೋಚ್ ನಾನೇ. ಯಾರು ಗೆಲ್ತಾರೆ ಅಂತ ಪೇಪರಿನವರು ಕೇಳಿದ್ದರು. ನಮ್ಮವನೇ ಅಂದೆ. ನಿಮಗೆ ಮಾತ್ರ ನಿಜ ಹೇಳ್ತೀನಿ.

ಮೊದಲ ಸುತ್ತಿನಲ್ಲಿ ನನ್ನ ತಮ್ಮ ಎದುರಾಳಿಯ ಮೂಗು ಒಡೀತಾನೆ. ಅಷ್ಟಕ್ಕೇ ಇವನ ಉಸಿರು ಮುಗಿಯುತ್ತೆ. ನಲವತ್ತಮೂರರ ಮೈ, ನೂರಹದಿನೈದು ಕಿಲೋ ಭಾರ. ಎರಡನೇ ಸುತ್ತಿನಲ್ಲಿ ಎದುರಾಳಿ ಇವನನ್ನು ಕೆಡವಿ, ಎದೆ ಮೇಲೆ ಕೂತು, ಹಳೇ ಹೊಲಿಗೆ ಇರುವ ಹುಬ್ಬನ್ನೇ ಮೊಣಕೈಯಿಂದ ಕುಟ್ತಾನೆ. ಹುಬ್ಬು ಬಿರಿದು ಕಣ್ಣು ತುಂಬ ರಕ್ತ ಇಳಿಯುತ್ತೆ. ಆಗ ನನ್ನ ತಮ್ಮ ನಗ್ತಾನೆ.

ಅದನ್ನ ಗಂಡೆದೆ ಅಂದುಕೊಂಡು ಜನ ಶಿಳ್ಳೆ ಹೊಡೀತಾರೆ. ಏಟು ಬಿದ್ದಾಗ ನಗು, ಎದುರಿನವನ ಜಂಘಾಬಲ ಉಡುಗುತ್ತೆ ಅಂತ ಕಲಿಸಿದವನು ನಾನೇ. ಈಗ ಪ್ರಜ್ಞೆ ತಪ್ಪುತ್ತಿದ್ದರೂ ಅವನ ಬಾಯಿ ತಾನಾಗೇ ನಗುತ್ತೆ. ಹೋದ ಸಲ ಹಾಗೇ ನಕ್ಕು ಮೂಲೆಗೆ ಬಂದವನು, "ಅಣ್ಣಾ, ಅಮ್ಮ ಬಂದಿದ್ದಾಳಾ?" ಅಂತ ಕೇಳಿದ. ಅಮ್ಮ ಸತ್ತು ಹನ್ನೊಂದು ವರ್ಷವಾಯ್ತು.

ದಯವಿಟ್ಟು ಅವನು ನಕ್ಕ ಕೂಡಲೇ ಪಂದ್ಯ ನಿಲ್ಲಿಸಿ. ಜನ ಬೈದರೆ ನನ್ನ ಹೆಸರು ಹೇಳಿ.

ಸೋಲೊಪ್ಪಿ ಎಸೆಯೋ ಟವೆಲ್ ನಿನ್ನ ಹೆಗಲ ಮೇಲೇ ಇರುತ್ತಲ್ಲ ಅಂತ ನೀವು ಕೇಳಬಹುದು. ಹೋದ ಸಲವೂ ಇತ್ತು. ಅದರಲ್ಲೇ ಅವನ ಮುಖ ಒರೆಸಿ, "ಬಂದಿದ್ದಾಳೆ, ನಿನ್ನನ್ನೇ ನೋಡ್ತಿದ್ದಾಳೆ, ಹೋಗು" ಅಂತ ಕಳಿಸಿದೆ.

ಇಂತಿ,
ಕೆಂಪು ಮೂಲೆಯವನ ಅಣ್ಣ