ಅಕ್ಕ ಕೊಟ್ಟದ್ದು

ನವೆಂಬರ್ ೧೨

ಮುದ್ದು ಮಗಳೇ,

ಹೇಗಿದ್ದೀಯೆ? ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲವೆಂದು ಬೈದುಕೋ, ಆದರೆ ಮುನಿಸಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ಆಸ್ಪತ್ರೆಯಲ್ಲಿ ನಿನ್ನ ತಮ್ಮನ ಮಂಚ ನನ್ನ ಕುರ್ಚಿಗೆ ತಾಗಿಕೊಂಡೇ ಇದೆ. ಅವನ ಕಿವಿ ಗೊತ್ತಲ್ಲ, ಕೆಲಸ ಹೇಳಿದರೆ ಮಾತ್ರ ಕೇಳಿಸುವುದಿಲ್ಲ. ಅದಕ್ಕೇ ಇದನ್ನು ಬಸ್ಸಿನವರ ಕೈಲಿ ಕಳಿಸುತ್ತಿದ್ದೇನೆ.

ಅವನಿಗೆ ಬಂದಿರುವುದು ನ್ಯುಮೋನಿಯಾ ಅಲ್ಲವಂತೆ. ಹೃದಯದ ಸುತ್ತಲಿನ ಚೀಲದಲ್ಲಿ ಬೂಷ್ಟು ಬೆಳೆದಿದೆ. ಹೌದು, ಹಳಸಿದ ಬ್ರೆಡ್ಡಿನ ಮೇಲೆ ಬರುತ್ತದಲ್ಲ, ಅದೇ ಜಾತಿಯದು. ಎದೆಗೆ ನಳಿಕೆ ಹಾಕಿ ನೀರು ತೆಗೆದರು, ಮತ್ತೆ ತುಂಬಿಕೊಂಡಿತು. ಬೇಡವೆಂದರೂ ಪೇಂಟಿಂಗ್ ಕೆಲಸಕ್ಕೆ ಹೋಗಿ ಒದ್ದೆ ಗೋಡೆ ಕೆರೆಯುತ್ತಿದ್ದ. ಅಲ್ಲೇ ಉಸಿರಿಗೆ ಸೇರಿರಬಹುದು ಎನ್ನುತ್ತಾರೆ.

ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ಹೇಳಿದರು: “ನೋಡಿ ಅಮ್ಮಾ, ಕಿಡ್ನಿ ಉಳಿಸೋ ಮಾತ್ರೆಗಳು ಮೈಯ ಶಕ್ತಿನ ಕಟ್ಟಿಹಾಕಿವೆ. ನಿಲ್ಲಿಸಿದ್ರೆ ಮೈ ಬೂಷ್ಟಿನ ಜೊತೆ ಹೋರಾಡುತ್ತೆ. ಆದ್ರೆ ಕಿಡ್ನಿ ಹೋಗುತ್ತೆ, ಮತ್ತೆ ಡಯಾಲಿಸಿಸ್ಸೇ. ನಿಲ್ಲಿಸದಿದ್ರೆ ಹುಡುಗನೇ ಉಳಿಯಲ್ಲ.”

ಅವನಿಗೂ ತಿಳಿಸಿ ಮಾತ್ರೆ ನಿಲ್ಲಿಸಿದರು, ಅವನು ಎಲ್ಲಕ್ಕೂ ತಲೆಯಾಡಿಸಿದ. ಮೊನ್ನೆ ದಿಂಬಿನ ಚೀಲ ಬದಲಿಸಿದರೆ ಅದರೊಳಗಿಂದ ಅವೇ ಮಾತ್ರೆಗಳು ಉದುರಿದವು. ಮನೆಯಿಂದ ತಂದಿಟ್ಟುಕೊಂಡು ಕದ್ದು ನುಂಗುತ್ತಿದ್ದ! ನನಗೆ ಮೈಯೆಲ್ಲ ಉರಿದುಹೋಯಿತು.

“ಸಾಯ್ಬೇಕು ಅಂತಿದ್ದೀಯೇನೋ?” ಎಂದೆ.

“ಅಕ್ಕ ಹೊಟ್ಟೆ ಕುಯ್ಯಿಸ್ಕೊಂಡು ಕೊಟ್ಟಿದ್ದಮ್ಮಾ ಇದು. ನನ್ನ ಕೈಯಾರೆ ಹೇಗೆ ಕೊಲ್ಲಲಿ?” ಎಂದ.

ಯಾರು ಹೇಳಿದರೂ ಅದೇ ಮಾತು. ಹಟದಲ್ಲಿ ಥೇಟ್ ನಿಮ್ಮಪ್ಪ.

ನಿನ್ನೆಯಿಂದ ಮಾತ್ರೆ ಮುಟ್ಟಿಲ್ಲ. ಇನ್ನು ನೀನು ಕೊಟ್ಟ ಕಿಡ್ನಿ ಉಳಿಯುವುದಿಲ್ಲ, ಮಗಳೇ. ಇದನ್ನು ಬರೆಯಲು ನನಗೆ ತುಂಬ ಸಂಕಟವಾಗುತ್ತಿದೆ. ಹುಡುಗ ಉಳಿಯುತ್ತಾನೆಯೇ ಎಂದರೆ ಡಾಕ್ಟರಮ್ಮ “ನೋಡೋಣ” ಎನ್ನುತ್ತಾರೆ, ಅಷ್ಟೆ.

ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ನೂರು ಕಾಲ ಚೆನ್ನಾಗಿ ಬಾಳು.

ನಿನ್ನ
ಅಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಅವನು ಮಾತ್ರೆ ಬಿಟ್ಟದ್ದು ನನ್ನ ಸುಳ್ಳಿನಿಂದ. ಕಿಡ್ನಿ ಹೋದರೆ ಹೋಗಲಿ, ಅವನು ಉಳಿಯಲಿ ಎಂದು ನೀನು ಹೇಳಿದೆ ಎಂದಿದ್ದರೆ, ಅಕ್ಕ ನನಗೋಸ್ಕರ ಹಾಗಂದಳು ಎಂದು ಇನ್ನಷ್ಟು ನುಂಗುತ್ತಿದ್ದ. ಅದಕ್ಕೇ, “ಅಕ್ಕ ಫೋನ್ ಮಾಡಿದ್ಲು. ಅವನಿಗೆ ಕೊಟ್ಟಿದ್ದೇ ದಂಡ, ಹಾಳಾಗ್ಲಿ ಬಿಡು ಅಂದ್ಲು” ಎಂದೆ. ಹಾಸಿಗೆಯಡಿ ಉಳಿದಿದ್ದ ಮಾತ್ರೆಗಳನ್ನೂ ತೆಗೆದು ನನ್ನ ಕೈಗಿಟ್ಟು ಗೋಡೆಯ ಕಡೆ ತಿರುಗಿಕೊಂಡ. ನಿಜ ತಿಳಿದರೆ ಮತ್ತೆ ಶುರುಮಾಡುತ್ತಾನೆ. ಅವನು ಫೋನ್ ಮಾಡಿ ಕೇಳಿದರೆ, ಹೌದು, ಹಾಗೇ ಅಂದೆ ಎನ್ನು.