ಟೈರಿನ ಮೇಲೆ ಕೂತು ಓದುವ ಊರು

ಹೊಸಪೇಟೆ,
೨೨-೧-೨೦೦೭

ಪ್ರೀತಿಯ ಬಸಕ್ಕನಿಗೆ,

ನಿನ್ನ ತಮ್ಮ ಪಾಲಪ್ಪನ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ನಿನ್ನ ಬಾಣಂತಿ ಮಗಳು ಶಿಲ್ಪಶ್ರೀ, ಕೂಸು ಆರಾಮಿದ್ದಾರಾ? ಕೂಸು ಯಾರನ್ನು ಹೋಲುತ್ತದೆ ಅಂತ ನೀನು ಹೇಳಲೇ ಇಲ್ಲ. ನನ್ನನ್ನು ಹೋಲಿದರೆ ಸೊಲ್ಲಾಪುರದಲ್ಲೇ ಮುಚ್ಚಿಡಿ, ದೊಡ್ಡದಾದ ಮೇಲೆ ಹೇಳಿದರಾಯಿತು. ಫೋನ್ ಬಿಟ್ಟು ಕಾಗದ ಯಾಕೆ ಬರೆದ ಅಂತ ಅನುಮಾನ ಬಂದಿರಬೇಕು. ಫೋನಿನಲ್ಲಾದರೆ ನೀನು ನಡುನಡುವೆ ಬೈಯುತ್ತೀ. ಕಾಗದವನ್ನು ಪೂರ್ತಿ ಓದಿದ ಮೇಲೇ ಬೈಯಬೇಕು, ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ನನ್ನ ಪಂಕ್ಚರ್ ಅಂಗಡಿಯ ಪಕ್ಕ ಲೈಬ್ರರಿ ಇದೆಯಲ್ಲ, ಎರಡು ಬಾಡಿಗೆ ಕೋಣೆ, ಒಂಬತ್ತು ಕುರ್ಚಿ. ಸಂಡೂರಿನ ಅದಿರು ಲಾರಿಗಳ ಧೂಳಿಗೆ ಪುಸ್ತಕಗಳೆಲ್ಲ ಕೆಂಪಾಗಿ, ಥೇಟ್ ಕುಂಕುಮದ ಅಂಗಡಿ ಆಗಿದೆ. ಆದರೂ ಜನ ಬರುವುದು ಬಿಟ್ಟಿಲ್ಲ. ಒಂದು ಪೇಪರನ್ನು ಹಾಳೆ ಹಾಳೆ ಬಿಡಿಸಿಕೊಂಡು ಆರು ಮಂದಿ ಓದುತ್ತಾರೆ. ಕಳ್ಳತನ ಆದ ಸುದ್ದಿ ಒಬ್ಬರ ಕೈಯಲ್ಲಿ, ಕಳ್ಳ ಸಿಕ್ಕ ಸುದ್ದಿ ಇನ್ನೊಬ್ಬರ ಕೈಯಲ್ಲಿ! ಕಾಲೇಜು ಹುಡುಗಿಯರಂತೂ ಗೋಡೆಗೆ ಒರಗಿ ನಿಂತೇ ಪರೀಕ್ಷೆಗೆ ಓದುತ್ತಾರೆ. ನೋಡಲಾಗದೆ ನಾನು ಹಳೆಯ ಲಾರಿ ಟೈರುಗಳನ್ನು ಉರುಳಿಸಿಕೊಂಡು ಹೋಗಿ, ಎರಡೆರಡು ಪೇರಿಸಿ, ಜಗಲಿಯ ಮೇಲೆ ಸೋಫಾ ಮಾಡಿಕೊಟ್ಟೆ. ಮರುದಿನ ನೋಡಿದರೆ ಕೂತವರ ಹಿಂದೆಲ್ಲ ಕರಿ ಉಂಗುರ! ಎಷ್ಟು ಒಗೆದರೂ ಹೋಗದು. ರಿಟೈರಾದ ಮರುಳಸಿದ್ದಪ್ಪ ಮಾಸ್ತರರ ಬಿಳಿ ಪಂಚೆಗೂ ಮುದ್ರೆ ಬಿತ್ತು. “ಪಾಲಪ್ಪಾ, ಇದನ್ನ ಒಗ್ಯಾಕ ಒಲ್ಲೆ ಅಂತಾಳ ನಮ್ಮಾಕಿ. ಆದ್ರ ಟೈರ್ ಮಾತ್ರ ತೆಗಿಬ್ಯಾಡೋ ಮಾರಾಯಾ” ಅಂದರು.

ಕಳೆದ ಶುಕ್ರವಾರ, ಊರಿಗೊಂದು ದೊಡ್ಡ ಲೈಬ್ರರಿ ಕಟ್ಟಬೇಕೋ ಬೇಡವೋ ಅಂತ ಸಭೆ ಸೇರಿತ್ತು. ಲಾರಿ ಮಾಲೀಕ ಕೆಂಚಣ್ಣ ಗೊತ್ತಲ್ಲ, ನಮ್ಮಪ್ಪನ ಖಾಲಿ ಜಾಗವನ್ನು ಲಾರಿ ನಿಲ್ಲಿಸಲು ಕೇಳಿಕೊಂಡು ಬಂದವನು, “ಅಪ್ಪನ ಬೆವರಿನ ಜಾಗ, ಯಾರಿಗೂ ಕೊಡಾಂಗಿಲ್ಲ” ಅಂತ ನೀನು ಬಾಗಿಲಿಂದಲೇ ಕಳಿಸಿದ್ದೆಯಲ್ಲ, ಅವನೇ ಎದ್ದು ನಿಂತ. “ಇದು ಅದಿರು ಎತ್ತೋ ಊರು. ಇಲ್ಲಿ ಯಾವಾನು ಓದ್ತಾನ?” ಅಂದ. ನಾನು ಸುಮ್ಮನಿರುತ್ತೇನಾ? “ಓದೋರೆಲ್ಲ ಎದ್ದು ಆ ಕಡಿ ತಿರುಗ್ರಿ” ಅಂದೆ. ಮೊದಲು ಮಾಸ್ತರರು ತಿರುಗಿದರು. ಆಮೇಲೆ ಸಾಲಿಗೆ ಸಾಲೇ ತಿರುಗಿತು. ಅರ್ಧ ಸಭೆಯ ಹಿಂದೆ ನನ್ನ ಟೈರಿನ ಗುರುತು! ಕೊನೆಗೆ ತಿರುಗಿದ ಇಬ್ಬರು ಕೆಂಚಣ್ಣನದೇ ಡ್ರೈವರುಗಳು. ಪಂಕ್ಚರ್ ಹಾಕುವ ತನಕ ಅಲ್ಲೇ ಕೂತು ಓದುವವರು. “ಲಾರಿ ನಿಲ್ಲಾಕ ಊರ ತುಂಬಾ ಜಾಗ ಐತಿ, ಓದೋ ಹುಡುಗೀರಿಗೆ ಕುಂದ್ರಾಕ ಇಲ್ಲೇನ್ರಿ?” ಅಂದೆ. ಕೆಂಚಣ್ಣನೇ ನಕ್ಕುಬಿಟ್ಟ. “ಭಾಳ ಮಾತು ಕಲ್ತೀದಿ ಬಿಡಲೇ. ಜಾಗ ಯಾರು ಕೊಡ್ತಾರ, ಅದನ್ನ ಹೇಳು” ಅಂದ. ಸಭೆಯೆಲ್ಲ ನನ್ನ ಮುಖ ನೋಡಿತು.

ಅಕ್ಕಾ, ಆ ಹುಡುಗಿಯರು ನಿಂತು ಓದುವುದನ್ನು ಕಂಡಾಗಲೆಲ್ಲ ನನಗೆ ನೀನು ನೆನಪಾಗುತ್ತೀ. ನನ್ನನ್ನು ಎತ್ತಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ ಅಂತ ನಿನ್ನನ್ನು ಎರಡನೇ ಕ್ಲಾಸಿಗೇ ಶಾಲೆ ಬಿಡಿಸಿದರು. ಶಾಲೆಗೆ ಹೋಗುವಷ್ಟು ದೊಡ್ಡವನಾದ ಮೇಲೆ ನಾನೇನು ಮಾಡಿದೆ? ಪಾಟಿಯನ್ನು ನಿನ್ನ ಕೈಗೆ ಕೊಟ್ಟು ಕಾಲುವೆಯಲ್ಲಿ ಈಜಲು ಹೋದೆ. ನೀನು ಒಲೆಯ ಮುಂದೆ ಕೂತು ಅದರ ಮೇಲೆ ಅಕ್ಷರ ತಿದ್ದಿದೆ. ಐದನೇ ಕ್ಲಾಸು ಕಂಡ ನನ್ನ ಕಾಗದದಲ್ಲಿ ಇವತ್ತಿಗೂ ನೀನೇ ತಪ್ಪು ಹುಡುಕುತ್ತೀ. ಇದರಲ್ಲೂ ಹುಡುಕು.

ಮನೆಯಲ್ಲಿ ಎಲ್ಲರೂ ಕ್ಷೇಮ. ಕೂಸಿಗೆ ಮಾವಜ್ಜನ ಮುತ್ತು. ಶಿಲ್ಪಶ್ರೀಗೆ ಮೆಂತ್ಯದ ಉಂಡೆ ತಪ್ಪಿಸಬೇಡ.

ನಿನ್ನ ತಮ್ಮ,
ಪಾಲಪ್ಪ

ತಾ.ಕ.: ಕೆಂಚಣ್ಣ ಹಾಗೆ ಕೇಳಿದಾಗ ನನ್ನ ಬಾಯಿ ಸುಮ್ಮನಿರಲಿಲ್ಲ, “ನಮ್ಮಕ್ಕ ಕೊಡ್ತಾಳ” ಅಂದುಬಿಟ್ಟೆ. ಸಭೆಯೆಲ್ಲ ಚಪ್ಪಾಳೆ ಹೊಡೆಯಿತು. ನಿನ್ನನ್ನು ಕೇಳದೆ ಹೇಳಿದ್ದು ನನ್ನದೇ ತಪ್ಪು. ನನ್ನ ಪಾಲಿಗೆ ನಾನು ಒಪ್ಪಿದ್ದೇನೆ, ನಿನ್ನ ಸಹಿ ಇಲ್ಲದೆ ಏನೂ ನಡೆಯದು. ಬೇಡ ಅಂದರೆ ಅದೇ ಸಭೆಯ ಮುಂದೆ ತಪ್ಪಾಯಿತು ಅನ್ನುತ್ತೇನೆ. ಆದರೆ ನೀನು ಬೇಡ ಅನ್ನುವುದಿಲ್ಲ. ಫೆಬ್ರವರಿ ಹನ್ನೆರಡು, ಸೋಮವಾರ ರಿಜಿಸ್ಟ್ರಿ. ಬೈಯುವುದೆಲ್ಲ ಬಂದು ಬೈ. ಜಗಲಿಯ ಮೇಲೆ ನಿನಗೊಂದು ಒಳ್ಳೆ ಟೈರು ತೆಗೆದಿಟ್ಟಿದ್ದೇನೆ, ಕರಿ ಸೀರೆ ಉಟ್ಟುಕೊಂಡು ಬಾ.